ಕೆಜಿಎಫ್ ಗುಜರಿಯಲ್ಲಿ ಸಿಕ್ಕ ನೀಲಿ ಪಟ್ಟೆ ಜಾಡಿ

ಕೋಲಾರದಿಂದ: ಕೆಜಿಎಫ್‌ನ ಗುಜರಿ ಅಂಗಡಿಯಲ್ಲಿ ನೀಲಿ-ಬಿಳಿ ಪಟ್ಟೆಯ ಪಿಂಗಾಣಿ ಜಾಡಿ ಸಿಕ್ಕಿತು, ಇಂಗ್ಲಿಷ್‌ನಲ್ಲಿ ‘ಶುಗರ್’ ಅಂತಿದೆ, ಅಂಚು ಸ್ವಲ್ಪ ಚಕ್ಕೆ ಎದ್ದಿದೆ. ಗಣಿ ದೊರೆಗಳ ಬಂಗಲೆಯದು ಅಂತ ಹೇಳಿ 600 ರೂಪಾಯಿ ತಗೊಂಡರು. ಮೋಸ ಹೋದೆನಾ?

ಉತ್ತರ: ಬಂಗಲೆ ಕಥೆ ಬಿಡಿ ಸಾರ್, ತಳದ ಮುದ್ರೆ ನೋಡಿ. ಟಿ.ಜಿ. ಗ್ರೀನ್ ಅಂತ ಇಂಗ್ಲೆಂಡಿನ ಕಂಪನಿ ಹೆಸರಿದ್ದರೆ ಅದು ಕಾರ್ನಿಷ್‌ವೇರ್ ಅನ್ನೋ ಪಟ್ಟೆ ಪಾತ್ರೆ, 1920ರ ದಶಕದಲ್ಲಿ ಶುರುವಾದದ್ದು. ಹೆಸರು ಅಲ್ಲಿನ ಕಾರ್ನ್‌ವಾಲ್ ಪ್ರಾಂತ್ಯದ್ದು, ಮಾಡಿದ್ದು ಡರ್ಬಿಶೈರ್‌ನಲ್ಲಿ! ಪಟ್ಟೆ ಬಳಿದದ್ದಲ್ಲ, ನೀಲಿ ಮಣ್ಣಿನ ನೀರಲ್ಲಿ ಅದ್ದಿ, ತಿರುಗಿಸುತ್ತಾ ಕೆರೆದು ಒಳಗಿನ ಬಿಳಿ ಹೊರಗೆ ತರುತ್ತಿದ್ದರು, ಅದಕ್ಕೇ ಬೆರಳಾಡಿಸಿದರೆ ಏರುತಗ್ಗು ಸಿಗಬೇಕು.

ಮುಳಬಾಗಿಲಿನಿಂದ: ನಮ್ಮಜ್ಜಿ ಕೈಗೆ ಸಿಕ್ಕಿದ್ದರೆ ಮಾವಿನಕಾಯಿ ಉಪ್ಪಿನಕಾಯಿ ತುಂಬಿಬಿಡುತ್ತಿದ್ದರು. ನೀವು ಹಾಗೆ ಮಾಡಬೇಡಿ, ಹಳೇ ಮೆರುಗಿನಲ್ಲಿ ಸೀಸ ಇರಬಹುದು, ಹುಳಿ ತಾಗಿದರೆ ಬಿಡುತ್ತೆ.

ಕೋಲಾರದಿಂದ: ಏರುತಗ್ಗು ಇದೆ! ಮುದ್ರೆ ಅರ್ಧ ಅಳಿಸಿದೆ. ಸುಮ್ನೆ ಶೆಲ್ಫ್ ಮೇಲಿಡ್ತೀನಿ, ಮುಚ್ಚಳ ಹುಡುಕಬೇಕು.