ಓಡುವ ಮಕ್ಕಳಿಗೆ ಎಂಥ ಶೂ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಶಿರಸಿಯಿಂದ:
ಮಗಳಿಗೆ 13 ವರ್ಷ, 1500 ಮೀಟರ್ ಓಡುತ್ತಾಳೆ. ಈಗ ದಪ್ಪ ಸೋಲಿನ (ತಳದ) ಶೂ ಕೊಡಿಸಿದ್ದೇವೆ. ಬರಿಗಾಲಲ್ಲಿ ಹಗುರವಾಗಿ ಓಡುತ್ತಿದ್ದವಳು ಈಗ ಧಪಧಪ ಸದ್ದು ಮಾಡಿಕೊಂಡು ಓಡುತ್ತಾಳೆ. ಶೂ ಬದಲಿಸಬೇಕಾ?

ಕಾರವಾರದಿಂದ, ಮಕ್ಕಳಿಗೆ ಓಟ ಕಲಿಸುವವರು:
ನಿಮ್ಮ ಕಿವಿಗೆ ಬಿದ್ದದ್ದು ಸರಿಯಾಗಿಯೇ ಇದೆ. ಶೂ ಬದಲಾದರೆ ಕಾಲು ಬೀಳುವ ರೀತಿಯೂ ಬದಲಾಗುತ್ತದೆ. ಇಲ್ಲಿ ಟಾಗೋರ್ ಕಡಲತೀರದಲ್ಲಿ ನೀರು ಇಳಿದಾಗ ಒದ್ದೆ ಮರಳು ಗಟ್ಟಿ ಇರುತ್ತದೆ, ಆಗ ಮಕ್ಕಳನ್ನು ಒಮ್ಮೆ ಶೂ ಹಾಕಿಸಿ, ಒಮ್ಮೆ ಬಿಚ್ಚಿಸಿ ಓಡಿಸಿ ಗುರುತು ನೋಡುತ್ತೇನೆ. ಶೂ ಹಾಕಿದ ಸಾಲಿನಲ್ಲಿ ಹಿಮ್ಮಡಿಯ ಕಡೆ ಮರಳು ಕುಳಿ ಬಿದ್ದಿರುತ್ತದೆ. ಬರಿಗಾಲಿನ ಸಾಲಿನಲ್ಲಿ ಬೆರಳುಗಳ ಬುಡ ಒತ್ತಿರುತ್ತದೆ, ಹೆಜ್ಜೆಗಳೂ ಹತ್ತಿರ ಹತ್ತಿರ.

2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲೂ ಇದೇ ಕಂಡಿತ್ತು. ಹದಿಹರೆಯದ 12 ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದ್ದರು. ಮಾಮೂಲಿ ಟ್ರೇನಿಂಗ್ ಶೂನಲ್ಲಿ ಸುಮಾರು ಶೇ. 70ರಷ್ಟು ಸಲ ಹಿಮ್ಮಡಿ ಮೊದಲು ನೆಲ ಮುಟ್ಟಿತು. ಅದೇ ಮಕ್ಕಳು ತೆಳು ಸೋಲಿನ ಟ್ರ್ಯಾಕ್ ಶೂನಲ್ಲಿ ಅಥವಾ ಬರಿಗಾಲಲ್ಲಿ ಓಡಿದಾಗ ಶೇ. 35ಕ್ಕಿಂತ ಕಡಿಮೆ.

ಕಾರಣ ಸೋಲಿನಲ್ಲೇ ಇದೆ. ದಪ್ಪ ಸೋಲಿನ ಎಷ್ಟೋ ಶೂಗಳಲ್ಲಿ ಹಿಮ್ಮಡಿ ಭಾಗ ಮುಂಭಾಗಕ್ಕಿಂತ 10-12 ಮಿ.ಮೀ. ಎತ್ತರ ಇರುತ್ತದೆ, ಕೆಳಗೆ ಮೆತ್ತೆ ಬೇರೆ, ಹಾಗಾಗಿ ಕಾಲು ಮುಂದಕ್ಕೆ ಚಾಚಿ ಹಿಮ್ಮಡಿ ಊರಿದರೂ ಮಗುವಿಗೆ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಹಾಗೆ ಊರಿದರೆ ಝುಮ್ ಅನ್ನುತ್ತದೆ ಅಲ್ವಾ? ಅದಕ್ಕೇ ಮಂಡಿ ತಾನಾಗಿಯೇ ಬಗ್ಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಫೋನಿನಲ್ಲಿ ಪಕ್ಕದಿಂದ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ, ಎಲ್ಲ ಕಾಣುತ್ತದೆ.

ಕುಮಟಾದಿಂದ, ಒಬ್ಬ ತಾಯಿ:
ಅಣ್ಣ ಹೇಳಿದ್ದು ನಿಜ. ಆದರೆ ಅಕ್ಕಾ, ದಯವಿಟ್ಟು ಒಮ್ಮೆಲೇ ತೆಳು ಶೂಗೆ ಹೋಗಬೇಡಿ. ನನ್ನ ತಂಗಿಯ ಮಗ ಹಾಗೆ ಬದಲಿಸಿದ, ಕೆಲವೇ ವಾರದಲ್ಲಿ ಹಿಮ್ಮಡಿ ಹಿಂಭಾಗ ಮುಟ್ಟಿದರೆ ಕೂಗುವಷ್ಟು ನೋವು. ಸೆವರ್ಸ್, ಅಂದರೆ ಬೆಳೆಯುವ ಮಕ್ಕಳಿಗೆ ಬರುವ ಹಿಮ್ಮಡಿ ನೋವು, ಅಂದರು ಡಾಕ್ಟರು. ಈ ವಯಸ್ಸಿನಲ್ಲಿ ಹಿಮ್ಮಡಿ ಎಲುಬು ಇನ್ನೂ ಬೆಳೆಯುತ್ತಿರುತ್ತದೆ, ಮೀನಖಂಡದ ಸ್ನಾಯು ಅದನ್ನು ಹಿಡಿದು ಜಗ್ಗುತ್ತದೆ. ಮುಂಗಾಲಲ್ಲಿ ಓಡಿದರೆ ಮಂಡಿಗೆ ಭಾರ ಕಡಿಮೆ ಆಗಬಹುದು, ಆದರೆ ಆ ಭಾರ ಮೀನಖಂಡಕ್ಕೆ ಬರುತ್ತದೆ. ಕೆಲವು ವಾರ ಓಟ ನಿಲ್ಲಿಸಿದ ಮೇಲೆ ಅವನಿಗೆ ವಾಸಿಯಾಯಿತು. ವಾರಕ್ಕೆ ಎರಡು ಸಲ, ಸ್ವಲ್ಪವೇ ದೂರ, ಅಷ್ಟರಿಂದ ಶುರು ಮಾಡಿ. ಬೆಳಿಗ್ಗೆ ಎದ್ದಾಗ ಕುಂಟಿದರೆ ಆ ದಿನ ಓಟ ಬೇಡವೇ ಬೇಡ.

ಅಂಕೋಲಾದಿಂದ:
ಕಡಲತೀರದಲ್ಲಿ ಓಡಿಸುವವರು ಒಂದು ಗಮನಿಸಿ. ಮರಳು ನೀರಿನ ಕಡೆಗೆ ಇಳಿಜಾರು ಇರುತ್ತದೆ. ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ, ಸೊಂಟಕ್ಕೂ ಮಂಡಿಗೂ ಬೀಳುತ್ತದೆ. ಹೋದಷ್ಟೇ ದೂರ ವಾಪಸ್ ಓಡಿಸಿ.

ಶಿರಸಿಯಿಂದಲೇ ಇನ್ನೊಬ್ಬರು:
ನಮ್ಮ ಕಡೆ ಕೆಂಪು ನೆಲ, ಚರಳುಕಲ್ಲು ಜಾಸ್ತಿ. ಬರಿಗಾಲು ಹುಲ್ಲಿನ ಮೇಲೆ ಮಾತ್ರ. ದುಬಾರಿ ಶೂ ಅಂತ ಸುಮ್ನೆ ಹುಡುಕಬೇಡಿ, ಸೋಲು ನಡುಮಟ್ಟದ್ದು, ಮುಂಭಾಗ ಬಗ್ಗುವಂಥದ್ದು ಸಾಕು. ಅವಳ ಕಾಲು ಬೆಳೆಯುತ್ತಿದೆ, ತುದಿಯಲ್ಲಿ ಹೆಬ್ಬೆರಳಗಲ ಜಾಗ ಇದೆಯಾ ಅಂತ ಆಗಾಗ ಒತ್ತಿ ನೋಡಿ.