ಕಂಟಿನ್ಯುಯಸ್ ಮೈನರ್ ಪಿಕ್ ಬೇಗ ಸವೆಯುತ್ತಿವೆ: ಅನುಭವ ಇದ್ದವರು ಹೇಳಿ

ಪ್ರಶ್ನೆ:
ಸುರತ್ಕಲ್‌ನಲ್ಲಿ ಮೈನಿಂಗ್ ಓದಿ, ಈಗ ತೆಲಂಗಾಣದ ಗೋದಾವರಿ ಕಣಿವೆಯ ಒಂದು ಕಲ್ಲಿದ್ದಲು ಗಣಿಯಲ್ಲಿದ್ದೇನೆ. ಇಲ್ಲಿ ಕಂಟಿನ್ಯುಯಸ್ ಮೈನರ್ ಅನ್ನುವ ಯಂತ್ರ, ತಿರುಗುವ ಡ್ರಮ್ಮಿಗೆ ಸಿಕ್ಕಿಸಿದ ಪಿಕ್ ಅನ್ನುವ ಮೊನಚು ಹಲ್ಲುಗಳಿಂದ ಕಲ್ಲಿದ್ದಲು ಕಡಿಯುತ್ತದೆ. ಡ್ರಮ್ಮಿನ ಪಿಕ್‌ಗಳು ಈಚೆಗೆ ಒಂದೇ ಪಾಳಿಯಲ್ಲಿ ಕೈಕೊಡುತ್ತಿವೆ. ಇನ್ನೂ ಗಟ್ಟಿ ತುದಿಯ ಪಿಕ್ ತರಿಸೋಣ ಅನ್ನುತ್ತಿದ್ದಾರೆ ಮೇಲಿನವರು. ಪ್ರಯೋಜನ ಆದೀತಾ?

ಉತ್ತರ 1:
ತಮ್ಮಾ, ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಕಲ್ಲಿದ್ದಲಿಗೆ ಬಂದ ಫಿಟ್ಟರ್ ನಾನು. ಆರ್ಡರ್ ಹಾಕೋದಕ್ಕೆ ಮುಂಚೆ ಒಂದು ಕೆಲಸ ಮಾಡು. ಬಿಚ್ಚಿದ ಪಿಕ್‌ಗಳನ್ನ ಬಿಸಾಡಬೇಡ. ಡ್ರಮ್ಮಿನ ಯಾವ ಜಾಗದ್ದು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗೋಣಿಚೀಲದಲ್ಲಿ ಮೇಲೆ ತಂದು ಸಾಲಾಗಿ ಜೋಡಿಸು.

ಸುತ್ತ ಸಮನಾಗಿ ಸವೆದು ಮೊಂಡಾಗಿದ್ದರೆ ಅದು ತನ್ನ ಕೆಲಸ ಮುಗಿಸಿದೆ, ದೂರುವ ಹಾಗಿಲ್ಲ. ಒಂದೇ ಮಗ್ಗುಲು ಚಪ್ಪಟೆಯಾಗಿದ್ದರೆ ಪಿಕ್ ತಿರುಗುತ್ತಿರಲಿಲ್ಲ ಅಂತ ಅರ್ಥ. ಈ ಮೊನಚು ಪಿಕ್ ಕಡಿಯುವಾಗ ಸ್ಲೀವಿನೊಳಗೆ, ಅಂದರೆ ಅದು ಕೂರುವ ಕೊಳವೆಯೊಳಗೆ, ತಾನಾಗಿ ತಿರುಗುತ್ತಾ ಇರಬೇಕು, ಆಗಲೇ ಎಲ್ಲ ಕಡೆ ಒಂದೇ ಸಮ ಸವೆಯೋದು. ಒದ್ದೆ ಕಲ್ಲಿದ್ದಲ ಪುಡಿ ಒಳಗೆ ಕೂತು ಬಿಗಿದುಕೊಂಡರೆ ಮುಗೀತು. ನಾವು ಎರಡು ತಿಂಗಳು ಪಿಕ್ ಮಾರಿದವರನ್ನೇ ಬೈದುಕೊಂಡಿದ್ದೆವು. ಆಮೇಲೆ ನೋಡಿದರೆ ಹಳೇ ಸ್ಲೀವ್‌ಗಳ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು! ಸ್ಲೀವ್ ಬದಲಿಸಿದ್ವಿ, ಅದೇ ಪಿಕ್ ಚೆನ್ನಾಗಿ ಬಾಳಿತು.

ಪಾಳಿ ಶುರುವಿಗೆ ಪ್ರತಿ ಪಿಕ್ಕನ್ನೂ ಕೈಯಲ್ಲಿ ತಿರುಗಿಸಿ ನೋಡಿ. ಅದಕ್ಕೂ ಮುಂಚೆ ಮೆಷಿನ್ನು ಆಧಾರ ಕೊಟ್ಟ ಚಾವಣಿಯ ಕೆಳಕ್ಕೆ ಬರಬೇಕು, ಕರೆಂಟ್ ಕಡಿದು ಬೀಗ ಹಾಕಿರಬೇಕು. ಪಿಕ್ ಕೂರಿಸುವಾಗ ತುದಿಯ ಮೇಲೆ ಸುತ್ತಿಗೆಯಿಂದ ನೇರವಾಗಿ ಹೊಡೆಯಲು ಯಾರಿಗೂ ಬಿಡಬೇಡ. ಚೂರು ಸಿಡಿದು ಕಣ್ಣಿಗೆ ಬಿದ್ದದ್ದನ್ನ ನಾನೇ ನೋಡಿದ್ದೇನೆ. ಇನ್ನೊಂದು, ಒಂದು ಪಿಕ್ ಇಲ್ಲದಿದ್ದರೂ ಅದರ ಪಾಲಿನ ಹೊರೆ ಅಕ್ಕಪಕ್ಕದ್ದಕ್ಕೆ ಬೀಳುತ್ತೆ. ಪಾಳಿ ಮುಗಿದ ಮೇಲೆ ಹಾಕೋಣ ಅನ್ನಬೇಡಿ.

ಉತ್ತರ 2:
ನಾನು ಗಣಿಗೆ ಇಳಿದವನಲ್ಲ, ಬೆಂಗಳೂರಿನಲ್ಲಿ ಕಾರ್ಬೈಡ್ ಕೆಲಸದವನು. ನಿಮ್ಮ ಪಿಕ್ಕಿನ ತುದಿಗೆ ಹಾಕುವ ಗಡಸು ವಸ್ತು ಅದೇ. ಇಲ್ಲಿ ಲೇತ್ ಕೆಲಸದವರು ಕಾರ್ಬೈಡ್ ತುದಿಗೆಲ್ಲ ವಿಡಿಯಾ ಅಂತಲೇ ಅನ್ನುತ್ತಾರೆ. ಅದು ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಇಟ್ಟ ಹೆಸರು, ‘ವಜ್ರದಂತೆ’ ಅನ್ನುವ ಜರ್ಮನ್ ಮಾತಿನಿಂದ ಬಂದದ್ದು.

ನಿಮ್ಮ ಮೇಲಿನವರು ಗಟ್ಟಿ ಅಂದದ್ದರಲ್ಲೇ ತೊಡಕಿದೆ. ಗಡಸು ಬೇರೆ, ಪೆಟ್ಟು ತಡೆಯುವ ಗಟ್ಟಿತನ ಬೇರೆ. ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಹಿಡಿದಿಡುವುದು ಕೋಬಾಲ್ಟ್. ಕೋಬಾಲ್ಟ್ ಕಡಿಮೆ ಮಾಡಿದರೆ ತುದಿ ಗಡಸಾಗಿ ನಿಧಾನಕ್ಕೆ ಸವೆಯುತ್ತದೆ, ಆದರೆ ಕಲ್ಲಿಗೆ ತಗುಲಿದರೆ ಚಕ್ಕೆ ಏಳುತ್ತದೆ. ಹೆಚ್ಚು ಮಾಡಿದರೆ ಪೆಟ್ಟು ತಡೆಯುತ್ತದೆ, ಬೇಗ ಸವೆಯುತ್ತದೆ. ನಿಮ್ಮ ಪಿಕ್ ಸವೆದಿದೆಯೋ ಒಡೆದಿದೆಯೋ ತಿಳಿಯದೆ ಗ್ರೇಡ್ ಆರಿಸಲು ಆಗದು. ತುದಿ ಇಡಿಯಾಗಿ ಕಿತ್ತು ಬಂದಿದ್ದರೆ ಬ್ರೇಜಿಂಗ್, ಅಂದರೆ ತುದಿಯನ್ನು ಉಕ್ಕಿಗೆ ಕೂಡಿಸಿದ ಬೆಸುಗೆ, ನೋಡಿಸಿ. ಸುತ್ತಲಿನ ಉಕ್ಕು ಮೊದಲೇ ಸವೆದುಹೋದರೂ ತುದಿ ನಿಲ್ಲುವುದಿಲ್ಲ.

ಉತ್ತರ 3:
ಗಣಿ ಸುರಕ್ಷತೆಯ ಕೆಲಸದಲ್ಲಿರುವವಳಾಗಿ ಹೇಳುತ್ತೇನೆ, ಖರ್ಚಿನ ಲೆಕ್ಕವನ್ನು ಆಮೇಲೆ ಹಾಕಿ ಸರ್. ತುದಿ ಹೋದ ಪಿಕ್ಕಿನ ಉಕ್ಕು ಮರಳುಗಲ್ಲಿಗೆ ಉಜ್ಜಿದರೆ ಕಲ್ಲಿನ ಮೇಲೆ ಕೆಂಪಗೆ ಕಾದ ಗೆರೆ ಮೂಡುತ್ತದೆ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಹೊತ್ತಿಕೊಳ್ಳಲು ಅಷ್ಟು ಸಾಕು. ಪಿಕ್ಕಿನ ಹಿಂದೆ ಆ ಗೆರೆಯ ಮೇಲೇ ನೀರು ಬೀಳುವಂತೆ ನಾಜಲ್ ಇರಬೇಕು, ಕಟ್ಟಿಕೊಂಡಿರಬಾರದು. ಮೊಂಡು ಪಿಕ್ ಕಲ್ಲಿದ್ದಲನ್ನು ಚಕ್ಕೆಯಾಗಿ ಎಬ್ಬಿಸುವ ಬದಲು ಅರೆಯುತ್ತದೆ. ಆ ನುಣ್ಣನೆ ಧೂಳು ಆಪರೇಟರ್‌ನ ಶ್ವಾಸಕೋಶಕ್ಕೆ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಅಣ್ಣ ಹೇಳಿದ ಹಾಗೆ ಪಿಕ್‌ಗಳನ್ನು ಸಾಲಾಗಿಟ್ಟೆವು. ಅರ್ಧಕ್ಕಿಂತ ಹೆಚ್ಚಿನವು ಒಂದೇ ಮಗ್ಗುಲು ಚಪ್ಪಟೆ. ಉಳಿದವುಗಳಲ್ಲಿ ಹೆಚ್ಚಿನವು ತುದಿ ಒಡೆದವು. ಆಪರೇಟರನ್ನು ಕೇಳಿದರೆ, ಹದಿನೈದು ದಿನದಿಂದ ಚಾವಣಿಯ ಮರಳುಗಲ್ಲು ಕೆಳಗಿಳಿದಿದೆ, ಎತ್ತರಕ್ಕಾಗಿ ಅದನ್ನೂ ಕಡಿಯುತ್ತಿದ್ದೇವೆ ಅಂದರು. ಗಡಸು ಗ್ರೇಡಿನ ಆರ್ಡರ್ ನಿಲ್ಲಿಸಿದ್ದೇನೆ. ನಾಜಲ್‌ಗಳನ್ನು ಇವತ್ತೇ ಬಿಚ್ಚಿಸಿದೆ, ನಾಲ್ಕು ಕಟ್ಟಿಕೊಂಡಿದ್ದವು. ಸ್ಲೀವ್ ಬದಲಿಸಲು ಭಾನುವಾರದ ಮೆಂಟೆನೆನ್ಸ್ ಪಾಳಿ ಕೇಳಿದ್ದೇನೆ.