ಡ್ರಾಯಿಂಗ್ ಕ್ಲಾಸ್‌ಗೆ ಸೇರಿ ತಿಂಗಳಾಯ್ತು, ಇನ್ನೂ ಬಣ್ಣವೇ ಮುಟ್ಟಿಸಿಲ್ಲ. ಇದು ಸರೀನಾ?

ಪೊನ್ನಂಪೇಟೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಎರಡನೇ ವರ್ಷ. ಈ ಸಲ ಕಾಲೇಜಿನಲ್ಲಿ ಡ್ರಾಯಿಂಗ್ ಮತ್ತು ಪೇಂಟಿಂಗ್ ಎಲೆಕ್ಟಿವ್ ತಗೊಂಡೆ. ಹೈಸ್ಕೂಲ್ ಮುಗಿದ ಮೇಲೆ ಚಿತ್ರ ಬಿಡಿಸಿಯೇ ಇರಲಿಲ್ಲ, ಆದರೂ ತುಂಬಾ ಆಸೆಯಿಂದ ಸೇರಿದೆ. ಒಂದು ದಿನ ಕಾಗದ ನೋಡದೆ ನಿಮ್ಮ ಕೈಯನ್ನೇ ನೋಡಿಕೊಂಡು ಬಿಡಿಸಿ ಅಂದರು. ಇನ್ನೊಂದು ದಿನ ಮೇಜಿನ ಮೇಲೆ ಸ್ಟೂಲ್ ಇಟ್ಟು, ಸ್ಟೂಲ್ ಬೇಡ, ಅದರ ಕಾಲುಗಳ ಮಧ್ಯದ ಖಾಲಿ ಜಾಗ ಬಿಡಿಸಿ ಅಂದರು. ರಬ್ಬರ್ ಮುಟ್ಟುವ ಹಾಗಿಲ್ಲ. ಕೊನೆಗೆ ಎಲ್ಲರ ಹಾಳೆ ಗೋಡೆಗೆ ಅಂಟಿಸಿ ಒಂದೊಂದರ ಬಗ್ಗೆ ಮಾತಾಡಿಸುತ್ತಾರೆ. ಆಗ ತುಂಬಾ ಭಯ ಆಗುತ್ತದೆ, ಯಾಕಂದ್ರೆ ನನ್ನ ಪಕ್ಕ ಕೂರುವ ಇಬ್ಬರು ಡ್ರಾಯಿಂಗ್ ಹೈಯರ್ ಗ್ರೇಡ್ ಪರೀಕ್ಷೆ ಪಾಸಾಗಿ ಬಂದವರು.

ಇದರಿಂದ ನಿಜವಾಗಿ ಚಿತ್ರ ಬರುತ್ತದಾ? ತರಬೇಕಾದ ಸಾಮಾನಿನ ಪಟ್ಟಿ ಉದ್ದ ಇದೆ, ಯಾವುದು ಈಗಲೇ ಬೇಕು? ಮತ್ತೆ ಈ ಮಳೆಯಲ್ಲಿ ಕಾಗದ ಮೆತ್ತಗಾಗಿ ಬೂಷ್ಟು ಹಿಡಿಯುತ್ತಿದೆ, ನೀವೆಲ್ಲ ಏನು ಮಾಡುತ್ತೀರಿ?

ಮಡಿಕೇರಿ ಡ್ರಾಯಿಂಗ್ ಮೇಷ್ಟ್ರು:
ಸರಿಯಾಗಿಯೇ ಕಲಿಸುತ್ತಿದ್ದಾರಮ್ಮ, ಬಿಡಬೇಡ. ಸ್ಟೂಲ್‌ಗೆ ನಾಲ್ಕು ಕಾಲು, ನಾಲ್ಕೂ ಒಂದೇ ಉದ್ದ ಅಂತ ನಮಗೆ ಮೊದಲೇ ಗೊತ್ತು. ಹಾಗಾಗಿ ಕೈ ಗೊತ್ತಿರುವುದನ್ನೇ ಬಿಡಿಸಿಬಿಡುತ್ತದೆ, ನೀನು ಕೂತ ಜಾಗದಿಂದ ಹಿಂದಿನ ಕಾಲು ಗಿಡ್ಡ ಕಾಣುತ್ತಿದ್ದರೂ. ಖಾಲಿ ಜಾಗದ ಆಕಾರ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ, ನೋಡಿಯೇ ಬಿಡಿಸಬೇಕು. ಕ್ಲಾಸ್ ಸ್ಟೂಲ್ ಬೇಜಾರಾದರೆ ತೋಟಕ್ಕೆ ಹೋಗು. ಎರಡು ಸಿಲ್ವರ್ ಓಕ್ ಮರ, ಎರಡಕ್ಕೂ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ. ಮರ ಬಿಟ್ಟುಬಿಡು, ಮಧ್ಯದಲ್ಲಿ ಕಾಣುವ ಆಕಾಶದ ತುಂಡನ್ನು ಮಾತ್ರ ಬಿಡಿಸು. ಎಲೆಗಳ ಅಂಚು ಕಚ್ಚಿದ ಹಾಗೆ ಒಳಗೆ ಹೊರಗೆ ಹೋಗುವುದನ್ನು ಒಂದೊಂದಾಗಿ ಹಿಂಬಾಲಿಸು. ಮುಗಿಸುವಷ್ಟರಲ್ಲಿ ಮರ ತಾನಾಗಿಯೇ ಬಂದಿರುತ್ತದೆ.

ಕಾಗದ ನೋಡದೆ ಬಿಡಿಸುವುದು, ಬ್ಲೈಂಡ್ ಕಾಂಟೂರ್ ಅನ್ನುತ್ತಾರೆ, ಅದು ಸೊಟ್ಟಗೇ ಬರಬೇಕು. ಕಣ್ಣು ಎಷ್ಟು ನಿಧಾನ ಹೋಗುತ್ತದೋ ಪೆನ್ಸಿಲ್ಲೂ ಅಷ್ಟೇ ನಿಧಾನ ಹೋಗುವ ಅಭ್ಯಾಸ ಅದು.

ಇನ್ನು ಬಣ್ಣ. ಬಣ್ಣಕ್ಕಿಂತ ಮೊದಲು ಬೇಕಾದ್ದು ಬೆಳಕು-ನೆರಳಿನ ಅಳತೆ. ಒಂದು ಪಟ್ಟಿಯಲ್ಲಿ 9 ಚೌಕ ಹಾಕು, ಮೊದಲನೆಯದು ಬರೀ ಬಿಳಿ ಕಾಗದ, ಕೊನೆಯದು 6ಬಿ ಪೆನ್ಸಿಲ್‌ನಿಂದ (ಬಿ ಮುಂದಿನ ಅಂಕಿ ಹೆಚ್ಚಾದಷ್ಟೂ ಮೆತ್ತಗೆ, ಕಪ್ಪು) ಎಷ್ಟು ಕಪ್ಪಾಗುತ್ತದೋ ಅಷ್ಟು. ಮಧ್ಯದ ಏಳನ್ನು ಮೆಟ್ಟಿಲು ಎಲ್ಲೂ ಜಿಗಿಯದಂತೆ ತುಂಬು. ಇದು ಸುಲಭ ಅಲ್ಲ, ಮಾಡಿ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಮಂಜು ಬಿದ್ದ ದಿನ ಮಡಿಕೇರಿಯ ರಾಜಾಸೀಟಿನಲ್ಲಿ, ಗುಡ್ಡಸಾಲು ಕಾಣುವ ಆ ಜಾಗದಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡು. ಹತ್ತಿರದ ಮರ ಎಂಟನೇ ಚೌಕ, ಆಚೆಯ ಗುಡ್ಡ ಐದು, ಅದರಾಚೆಯದು ಮೂರು, ಕೊನೆಯ ಸಾಲು ಕಾಗದದಷ್ಟೇ ಬಿಳಿ. ಗಾಳಿಯಲ್ಲಿರುವ ತೇವ ಬೆಳಕನ್ನು ಚದುರಿಸುವುದರಿಂದ ದೂರದ್ದು ತಿಳಿಯಾಗುತ್ತಾ ಹೋಗುತ್ತದೆ. ಬಯಲುಸೀಮೆಯ ಮಕ್ಕಳಿಗೆ ಪುಸ್ತಕದಲ್ಲಿ ತೋರಿಸಬೇಕಾದ್ದು ನಮಗೆ ಮನೆ ಬಾಗಿಲಲ್ಲೇ ಇದೆ!

ಕುಶಾಲನಗರದವನು, ಈಗ ಮೈಸೂರು:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಬಿ.ವಿ.ಎ., ಅಂದರೆ ಚಿತ್ರಕಲೆಯ ಪದವಿ, ಓದುತ್ತಿದ್ದೇನೆ. ನಾಲ್ಕು ವರ್ಷದ ಕೋರ್ಸ್, ಅದರಲ್ಲೂ ಮೊದಲ ವರ್ಷ ಫೌಂಡೇಶನ್. ಅಲ್ಲಿ ನೀವು ಹೇಳಿದ ಇದೇ ಅಭ್ಯಾಸಗಳು.

ಮೈಸೂರಿಗೆ ಬಂದರೆ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಕಲಾವಿದ ಎಸ್.ಎಲ್. ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅದು ವಾಟರ್ ಕಲರ್, ಜನ ಆಯಿಲ್ ಪೇಂಟಿಂಗ್ ಅಂದುಕೊಳ್ಳುತ್ತಾರೆ. ಜ್ವಾಲೆ ಕೈಯ ಮರೆಯಲ್ಲಿದೆ, ಬೆಳಕು ಗೊತ್ತಾಗುವುದು ಬೆರಳ ಸಂದಿಯಲ್ಲಿ ಮತ್ತು ಮುಖದ ಮೇಲೆ. ಅದರ ಪ್ರಿಂಟ್ ಸಿಕ್ಕರೆ ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಬಣ್ಣ ಹೋದರೂ ದೀಪ ಉರಿಯುತ್ತಲೇ ಇರುತ್ತದೆ. ನಿಮ್ಮ 9 ಚೌಕದ ಕೆಲಸ ಅದೇ ಅಲ್ವಾ?

ಗೋಡೆಗೆ ಅಂಟಿಸುವ ವಿಷಯ. ಹೈಯರ್ ಗ್ರೇಡ್ ಆದವರನ್ನು ನೋಡಿ ಹೆದರಬೇಡಿ. ಅಂದವಾಗಿ ಶೇಡಿಂಗ್ ಮಾಡುವ ಅಭ್ಯಾಸ ಇರುವವರಿಗೆ ಅದನ್ನು ಬಿಟ್ಟು ಎದುರಿಗಿರುವುದನ್ನು ನೋಡುವುದೇ ಎಷ್ಟೋ ಸಲ ಕಷ್ಟ. ನಿಮ್ಮ ಸರದಿ ಬಂದಾಗ ‘ಚೆನ್ನಾಗಿ ಬಂದಿಲ್ಲ’ ಅಂತ ಶುರು ಮಾಡಬೇಡಿ. ‘ಹಿಂದಿನ ಕಾಲಿನ ಅಳತೆ ನನಗೆ ಸಿಗಲಿಲ್ಲ, ಎಲ್ಲಿ ತಪ್ಪಿದೆ?’ ಅಂತ ಕೇಳಿ. ಆಗ ಉಪಯೋಗದ ಉತ್ತರ ಬರುತ್ತದೆ.

ಸೋಮವಾರಪೇಟೆ ಅಕ್ಕ:
ಸಾಮಾನು ಮತ್ತು ಮಳೆ ಬಗ್ಗೆ ನಾನು ಹೇಳುತ್ತೇನೆ. ಈಗ ಬೇಕಾಗಿರುವುದು 2ಬಿ, 4ಬಿ, 6ಬಿ ಪೆನ್ಸಿಲ್, ಚಾರ್ಕೋಲ್ ಕಡ್ಡಿ, ಕಾರ್ಟ್ರಿಜ್ ಹಾಳೆ, ಒಂದು ಬೋರ್ಡು, ಕ್ಲಿಪ್ಪು. ಅಷ್ಟೇ. ದೊಡ್ಡ ಬಣ್ಣದ ಡಬ್ಬಿ ಈಗಲೇ ತಗೊಂಡು ಸುಮ್ನೆ ದುಡ್ಡು ಹಾಕಬೇಡಿ.

ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡಿ. ಗೋಡೆಗೆ ತಾಗಿಸಿ ಮಾತ್ರ ಇಡಬೇಡಿ, ಜುಲೈನಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ. ಕಾಗದದ ಮೇಲಿರುವ ಅಂಟಿನ ಲೇಪ ತೇವಕ್ಕೆ ಕೆಟ್ಟರೆ ಆಮೇಲೆ ವಾಟರ್ ಕಲರ್ ಅಲ್ಲಲ್ಲಿ ಕಲೆ ಕಲೆಯಾಗಿ ಹೀರಿಕೊಳ್ಳುತ್ತದೆ. ಬಣ್ಣದ ಪಾಠ ಬಂದಾಗ 300 ಜಿಎಸ್‌ಎಂನ ದಪ್ಪ ಕಾಗದ ತಗೊಂಡು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಒಂದು ಪದರ ಒಣಗಿದೆಯಾ ಅಂತ ನೋಡಲು ಬೆರಳ ಹಿಂಭಾಗ ತಾಗಿಸಿ, ತಣ್ಣಗಿದ್ದರೆ ಇನ್ನೂ ಹಸಿ, ಮೇಲೆ ಬಣ್ಣ ಹಾಕಿದರೆ ರಾಡಿಯಾಗುತ್ತದೆ. ಚಾರ್ಕೋಲ್‌ಗೆ ಒಣಗಿಸುವ ಕೆಲಸ ಇಲ್ಲ, ಹಾಗಾಗಿ ಮಳೆಗಾಲಕ್ಕೆ ಅದೇ ಒಳ್ಳೆಯದು. ಚಾರ್ಕೋಲ್ ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಜಡಿಮಳೆಯಲ್ಲಿ ಹೊಡೆದರೆ ಕೆಲವು ಸಲ ಬಿಳಿಚಿಕೊಳ್ಳುತ್ತದೆ. ಮಳೆ ಬಿಟ್ಟಾಗ ಜಗಲಿಯಲ್ಲಿ ಹೊಡೆಯಿರಿ, ಅಲ್ಲಿಯವರೆಗೆ ಮೇಲೊಂದು ಬಟರ್ ಪೇಪರ್ ಸಾಕು.

ಪೊನ್ನಂಪೇಟೆ ಹುಡುಗಿ:
ತುಂಬಾ ಥ್ಯಾಂಕ್ಸ್ ಸರ್, ಅಣ್ಣ, ಅಕ್ಕ. ಇನ್ನೊಂದೇ ಪ್ರಶ್ನೆ. ಮುಂದಿನ ವಾರ ಪರ್ಸ್ಪೆಕ್ಟಿವ್ ಅಂತೆ, ಹತ್ತಿರ-ದೂರ ಕಾಣುವ ಹಾಗೆ ಬಿಡಿಸುವುದು. ನಮ್ಮ ಐನ್‌ಮನೆಯ (ಕುಟುಂಬದ ಹಳೆಯ ಮೂಲಮನೆ) ಜಗಲಿ ಕಂಬಗಳನ್ನು ಬಿಡಿಸಬೇಕು ಅಂತ ಆಸೆ. ಶುರುವಿಗೆ ಕಷ್ಟ ಆಗುತ್ತದಾ?

ಮಡಿಕೇರಿ ಡ್ರಾಯಿಂಗ್ ಮೇಷ್ಟ್ರು:
ಅದಕ್ಕಿಂತ ಒಳ್ಳೆಯದು ಇಲ್ಲ. ಜಗಲಿಯ ಒಂದು ತುದಿಯಲ್ಲಿ ಕೂತು ಉದ್ದಕ್ಕೆ ನೋಡು. ಮೊದಲು ನಿನ್ನ ಕಣ್ಣಿನ ಮಟ್ಟಕ್ಕೆ ಅಡ್ಡ ಗೆರೆ ಎಳೆ. ತೊಲೆಗಳು ಮೇಲಿಂದ ಇಳಿಯುತ್ತಾ, ನೆಲದ ಅಂಚು ಕೆಳಗಿಂದ ಏರುತ್ತಾ, ಎರಡೂ ಆ ಗೆರೆಯ ಒಂದೇ ಚುಕ್ಕಿಗೆ ಸೇರುತ್ತವೆ. ಕಂಬಗಳು ದೂರ ಹೋದಷ್ಟೂ ಗಿಡ್ಡವಾಗುತ್ತವೆ, ಒಂದಕ್ಕೊಂದು ಹತ್ತಿರವೂ ಬರುತ್ತವೆ. ಆ ಎರಡನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ಪೆನ್ಸಿಲ್ ಹಿಡಿದು ಕೈ ಪೂರ್ತಿ ಚಾಚಿ, ಮೊಣಕೈ ಮಡಚದೆ, ಒಂದು ಕಣ್ಣು ಮುಚ್ಚಿ ಅಳತೆ ತಗೋ. ಕೆತ್ತನೆ ಎಲ್ಲ ಕೊನೆಗೆ.